ಬರ್ಕೊಳ್ಳಿ ಮೇಡಂ ಬರೆದ ಉಲ್ಟಾ ಅಕ್ಷರ

ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ ಮೇಡಂಗೆ ಮಕ್ಕಳು ಇಟ್ಟ ಹೆಸರು ಬರ್ಕೊಳ್ಳಿ ಮೇಡಂ. ಕ್ಲಾಸಿಗೆ ಕಾಲಿಟ್ಟ ಕೂಡಲೇ ಅವರ ಬಾಯಿಂದ ಬರುತ್ತಿದ್ದ ಮೊದಲ ಮಾತು ಅದು, ಗಂಟೆ ಹೊಡೆದಾಗ ಅರ್ಧಕ್ಕೆ ನಿಲ್ಲುತ್ತಿದ್ದ ಮಾತೂ ಅದೇ. ನಡುವೆ ಇದ್ದದ್ದೆಲ್ಲ ನೋಟ್ಸು. ಅಡ್ಡಹೆಸರು ತಮ್ಮ ಕಿವಿಗೆ ಬಿದ್ದೇ ಇಲ್ಲ ಎಂಬಂತೆ ಮೇಡಂ ಓಡಾಡುತ್ತಿದ್ದರು. ಆದರೆ ಒಮ್ಮೆ ಸ್ಟಾಫ್ ರೂಮಿನ ಫೋನೆತ್ತಿ, "ಹಲೋ, ಬರ್ಕೊಳ್ಳಿ ಮೇಡಂ ಮಾತಾಡ್ತಿರೋದು" ಎಂದು ತಾವೇ ಹೇಳಿ ನಾಲಿಗೆ ಕಚ್ಚಿಕೊಂಡದ್ದಕ್ಕೆ ಅಲ್ಲಿದ್ದವರೆಲ್ಲ ಸಾಕ್ಷಿ.

ನಿವೃತ್ತಿಗೆ ಇನ್ನು ಮೂರು ತಿಂಗಳು ಉಳಿದಿತ್ತು. ಈ ಹೆಸರನ್ನೇ ಹೊತ್ತುಕೊಂಡು ಮನೆಗೆ ಹೋಗಬೇಕಲ್ಲ ಎಂಬುದು ಅವರ ಕೊರಗು. ಹೋಗುವ ಮೊದಲು ಒಂದು ಸಲವಾದರೂ "ಮೇಡಂ ಪಾಠ ಚೆನ್ನಾಗಿತ್ತು" ಎಂದು ಯಾರಾದರೂ ಅನ್ನಬೇಕು ಎಂಬ ಆಸೆ. ಹಾಗಾಗಿ ಹೆಡ್‌ಮಾಸ್ಟರು, "ರಜೆಯಲ್ಲಿ ಒಂಬತ್ತನೇ ಕ್ಲಾಸಿನೋರಿಗೆ ಆನ್‌ಲೈನ್ ವಿಜ್ಞಾನ ಪಾಠ ಯಾರು ತಗೋತೀರಿ?" ಎಂದು ಕೇಳಿದಾಗ, ಉಳಿದವರೆಲ್ಲ ಫ್ಯಾನು, ಕಿಟಕಿ, ಚಪ್ಪಲಿ ನೋಡಿಕೊಂಡು ಕೂತಿದ್ದರೆ, ಇವರೊಬ್ಬರು ಕೈಯೆತ್ತಿದರು. ಇಮೇಲ್ ಕಳಿಸಲು ಎರಡು ಸಲ ಮಗಳಿಗೆ ಫೋನ್ ಮಾಡುತ್ತಿದ್ದ ಹೆಂಗಸು!

ಮೊದಲ ದಿನ ಮೂವತ್ತಾರು ಮಕ್ಕಳು ಬಂದರು. ಬಂದರು ಅಂದರೆ, ತೆರೆಯ ಮೇಲೆ ಮೂವತ್ತಾರು ಕಪ್ಪು ಚೌಕ. ಮೇಡಂ ಮಾಡಿದ ಮೊದಲ ಘನಕಾರ್ಯವೆಂದರೆ ಗಲಾಟೆ ಬೇಡವೆಂದು ಎಲ್ಲರ ಮೈಕು ಬಂದ್ ಮಾಡಿದ್ದು. ಎರಡನೆಯದು, ಮಕ್ಕಳು ಸಂದೇಶ ಬರೆಯುವ ಜಾಗವನ್ನೂ ಮುಚ್ಚಿದ್ದು. ಮೂರನೆಯದು, ಕನ್ನಡಕ ಏರಿಸಿ "ಬರ್ಕೊಳ್ಳಿ" ಎಂದದ್ದು. ನಾಲ್ಕನೇ ದಿನಕ್ಕೆ ಚೌಕಗಳು ಹದಿಮೂರಾದವು. ಹೆಡ್‌ಮಾಸ್ಟರು ಫೋನ್ ಮಾಡಿ, "ಹತ್ತಕ್ಕಿಂತ ಕೆಳಗೆ ಹೋದ್ರೆ ನಿಲ್ಲಿಸಿಬಿಡೋಣ ಮೇಡಂ, ನಿಮಗೂ ರೆಸ್ಟ್ ಆಗುತ್ತೆ" ಎಂದರು. ರೆಸ್ಟ್ ಎಂಬ ಮಾತು ಕೇಳಿ ಮೇಡಂಗೆ ಉರಿದುಹೋಯಿತು.

ನೋಟ್ಸು ಸಾಕು, ಬೋರ್ಡ್ ಹಿಡಿಯೋಣ ಎಂದು ಮಲಗುವ ಕೋಣೆಯ ಗೋಡೆಗೆ ಬಿಳಿ ಹಲಗೆ ತೂಗುಹಾಕಿದರು. ಮಂಚ ಗೋಡೆ ಸೇರಿತು, ಇಸ್ತ್ರಿ ಮೇಜಿನ ಮೇಲೆ ಲ್ಯಾಪ್‌ಟಾಪ್ ಕೂತಿತು. ಮರುದಿನ ಪಾಠ "ಬೆಳಕಿನ ಪ್ರತಿಫಲನ". ಹಲಗೆಯ ಮೇಲೆ ದುಂಡಗೆ ತಲೆಬರಹ ಬರೆದು, ತಿರುಗಿ ತೆರೆ ನೋಡುತ್ತಾರೆ: ತಮ್ಮ ಚೌಕದೊಳಗೆ ಅಕ್ಷರಗಳೆಲ್ಲ ಉಲ್ಟಾ! ಎಡಗಡೆ ಇರಬೇಕಾದದ್ದು ಬಲಗಡೆ, ಬಲಗಡೆಯದು ಎಡಗಡೆ. ಅಯ್ಯೋ, ಮಕ್ಕಳಿಗೂ ಹೀಗೇ ಕಾಣುತ್ತಿದೆಯಲ್ಲ, ಓಡಿಹೋಗದೆ ಇನ್ನೇನು ಮಾಡಿಯಾವು!

ಇಲ್ಲಿ ಒಂದು ಮಾತು ಹೇಳಬೇಕು. ತೆರೆಯಲ್ಲಿ ನಮ್ಮ ಮುಖ ನಮಗೆ ಮಾತ್ರ ಕನ್ನಡಿಯಂತೆ ಕಾಣುತ್ತದೆ, ನೋಡುವವರಿಗೆಲ್ಲ ನೆಟ್ಟಗೇ ಕಾಣುತ್ತದೆ. ಇದು ಮೂರನೇ ಕ್ಲಾಸಿನ ಮಗುವಿಗೂ ಗೊತ್ತು. ಕೇಳಿದ್ದರೆ ಯಾರಾದರೂ ಒಂದೇ ಮಾತಿನಲ್ಲಿ ಹೇಳುತ್ತಿದ್ದರು. ಆದರೆ ಮೇಡಂ ಜೀವಮಾನದಲ್ಲಿ ಮಕ್ಕಳನ್ನು ಕೇಳಿದ ಪ್ರಶ್ನೆ ಒಂದೇ, "ಅರ್ಥ ಆಯ್ತಾ?" ಅದಕ್ಕೂ ಉತ್ತರಕ್ಕೆ ಕಾದವರಲ್ಲ. ಬೆಳಕಿನ ಪಾಠ ಮೂವತ್ತೆರಡು ಸಲ ಮಾಡಿದ ತಮಗೆ ಕನ್ನಡಿಯ ಗುಟ್ಟು ಗೊತ್ತಿಲ್ಲವೇ? ಉಲ್ಟಾ ಕಾಣುವುದನ್ನು ಉಲ್ಟಾ ಬರೆದರೆ ನೆಟ್ಟಗಾಯಿತು, ಅಷ್ಟೇ!

ಎರಡು ಮಧ್ಯಾಹ್ನ ಊಟ ಬಿಟ್ಟು, ಬೀರುವಿನ ಕನ್ನಡಿಯ ಮುಂದೆ ನಿಂತು, ಐವತ್ತೆಂಟನೇ ವಯಸ್ಸಿನಲ್ಲಿ ಅಕ್ಷರಾಭ್ಯಾಸ ಶುರುಮಾಡಿದರು. ತಲಕಟ್ಟು ಅತ್ತ ತಿರುಗಿದರೆ ಕೊಂಬು ಇತ್ತ ತಿರುಗುತ್ತಿರಲಿಲ್ಲ. ಒತ್ತಕ್ಷರಗಳಂತೂ ಕೈಗೆ ಸಿಗದೆ ಕುಣಿದಾಡಿದವು. ಸೊನ್ನೆ ಮಾತ್ರ ಮೊದಲ ಪ್ರಯತ್ನದಲ್ಲೇ ಸರಿಯಾಗಿ ಬಂತು. ಕೊನೆಗೂ ತೆರೆಯ ಮೇಲೆ "ಬಿಂಬ" ಎಂಬ ಪದ ನೆಟ್ಟಗೆ ಮೂಡಿದಾಗ ಮೇಡಂ ತಮ್ಮ ಬೆನ್ನು ತಾವೇ ತಟ್ಟಿಕೊಂಡರು.

ಹಲಗೆಯ ಮೇಲೆ ಹಾಗೆ ಉಲ್ಟಾ ಬರೆದ ಮೊದಲ ದಿನ, ಪಾಠದ ನಡುವೆ ತೆರೆಯ ಮೂಲೆಯಲ್ಲಿ ಪುಟ್ಟ ಹಳದಿ ಕೈಗಳು ಒಂದೊಂದಾಗಿ ಎದ್ದವು. ಮಕ್ಕಳು ಖುಷಿಯಿಂದ ಟಾಟಾ ಮಾಡುತ್ತಿವೆ ಎಂದುಕೊಂಡು ಮೇಡಂ ತಾವೂ ಕೈಬೀಸಿದರು. ಕೈಗಳು ಕೆಳಗಿಳಿದವು. ಆಮೇಲೆ ಆದದ್ದು ನಂಬಲಾಗದಂಥದ್ದು. ಹದಿಮೂರು ಇದ್ದದ್ದು ಮರುದಿನ ಇಪ್ಪತ್ತಾಯಿತು, ವಾರದೊಳಗೆ ನಲವತ್ತೊಂದಾಯಿತು. ಹತ್ತನೇ ಕ್ಲಾಸಿನವರೂ ನುಸುಳಿಬಂದರು. ಮೇಡಂಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಹೆಡ್‌ಮಾಸ್ಟರ ಫೋನ್ ಮತ್ತೆ ಬಂತು. "ಎಂಥಾ ಐಡಿಯಾ ಮೇಡಂ! ಮಕ್ಕಳೆಲ್ಲ ನಿಮ್ಮದೇ ಮಾತು. ಶನಿವಾರ ಬೇರೆ ಆರು ಸ್ಕೂಲಿನ ಟೀಚರ್‌ಗಳೂ ನಿಮ್ಮ ಕ್ಲಾಸ್ ನೋಡ್ತಾರೆ. ನಿಮ್ಮ ವಿಧಾನ ಅವರಿಗೂ ಹೇಳ್ಕೊಡಿ" ಎಂದರು. ಯಾವ ಐಡಿಯಾ, ಯಾವ ವಿಧಾನ ಎಂದು ಮೇಡಂ ಕೇಳಲಿಲ್ಲ. ಹೊಗಳುವವರನ್ನು ನಡುವೆ ತಡೆಯುವ ಕೆಟ್ಟ ಚಾಳಿ ಅವರಿಗಿರಲಿಲ್ಲ.

ಶುಕ್ರವಾರ ಗುಟ್ಟು ರಟ್ಟಾಯಿತು. ಮೇಡಂ ಯಜಮಾನರು ಬಸ್ ಡ್ರೈವರ್. ಹೆಂಡತಿಯ ಕೀರ್ತಿ ಕಣ್ಣಾರೆ ನೋಡೋಣವೆಂದು ಡಿಪೋದಲ್ಲಿ ಕೂತು ಮೊಬೈಲಿನಲ್ಲಿ ಕ್ಲಾಸಿಗೆ ಸೇರಿದ್ದರು. ಸಂಜೆ ಬಂದವರೇ ಬೂಟು ಬಿಚ್ಚುತ್ತ ಕೇಳಿದರು:

"ಏನೇ ಅದು, ಆಂಬುಲೆನ್ಸ್ ಮುಂದೆ ಬರೆದಿರ್ತಾರಲ್ಲ, ಹಾಗೆ ಬರೆದಿದೀಯ?"

"ನಿಮಗೆ ಉಲ್ಟಾ ಕಾಣ್ತಾ?"

"ನನಗಷ್ಟೇ ಯಾಕೆ? ಪಕ್ಕದಲ್ಲಿದ್ದ ಕಂಡಕ್ಟರ್‌ಗೂ ಉಲ್ಟಾನೇ ಕಾಣ್ತು. ಬಸ್ಸಿನ ಕನ್ನಡಿ ಮುಂದೆ ಮೊಬೈಲ್ ಹಿಡಿದ್ವಿ, ಆಗ ಓದೋಕೆ ಬಂತು. ಮಕ್ಕಳೂ ಹಾಗೇ ಓದ್ತಾವಂತೆ, ಕಂಡಕ್ಟರ್ ಮಗಳು ಹೇಳಿದ್ಲಂತೆ. ಭಲೇ ತಮಾಷೆ ಕಣೇ!"

ಮೇಡಂ ಅಲ್ಲೇ ಮಂಚದ ಮೇಲೆ ಕುಸಿದರು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಅನ್ನುತ್ತಾರೆ, ಇವರಿಗೆ ನಲವತ್ತೊಂದು ಕನ್ನಡಿ ಬೇಕಾಯಿತು! ನಾಚಿಕೆಯಿಂದ ಕಿವಿ ಬಿಸಿಯಾಯಿತು. ಕೊಂಚ ಹೊತ್ತಿಗೆ ನಾಚಿಕೆಯ ಜಾಗದಲ್ಲಿ ಒಂದು ಕಳ್ಳಬುದ್ಧಿ ಬಂದು ಕೂತಿತು. ಯಾರಿಗೂ ಗೊತ್ತಿಲ್ಲವಲ್ಲ! ಸುಮ್ಮನಿದ್ದರೆ ನಾಳೆ ಆರು ಸ್ಕೂಲಿನವರ ಮುಂದೆ ಚಪ್ಪಾಳೆ, ನಿವೃತ್ತಿಯ ದಿನ ಹಾರ, "ಹೊಸ ವಿಧಾನದ ಮೇಡಂ" ಎಂಬ ಹೆಸರು. ಬಾಯಿಬಿಟ್ಟರೆ ಹಳೇ ಹೆಸರಿನ ಜೊತೆಗೆ ಪೆದ್ದಿ ಎಂಬ ಬಿರುದೂ ಸಿಗುತ್ತದೆ.

"ಸುಮ್ನಿದ್ಬಿಡು" ಎಂದರು ಯಜಮಾನರು. "ತಾನಾಗಿ ಬಂದ ಭಾಗ್ಯಾನ ಯಾರಾದ್ರೂ ಒದೀತಾರಾ?"

ಸುಮ್ಮನಿರುವುದೆಂದೇ ಮೇಡಂ ನಿರ್ಧರಿಸಿದರು.

ಶನಿವಾರ ಹತ್ತು ಗಂಟೆಗೆ ನಲವತ್ತೊಂದು ಕಪ್ಪು ಚೌಕ, ಮೇಲ್ಸಾಲಿನಲ್ಲಿ ಬೇರೆ ಸ್ಕೂಲಿನವರ ಆರು ಗಂಭೀರ ಮುಖ. ಹೆಡ್‌ಮಾಸ್ಟರು ಗಂಟಲು ಸರಿಮಾಡಿಕೊಂಡು, "ಮಕ್ಕಳು ತಾವೇ ಕನ್ನಡಿ ಹಿಡಿದು ಕಲೀಲಿ ಅಂತ ನಮ್ಮ ಮೇಡಂ ಬೇಕಂತಲೇ ಉಲ್ಟಾ ಬರೆದ್ರು. ಇದು ಹೇಗೆ ಹೊಳೀತು ಅಂತ ಅವರೇ ಹೇಳ್ತಾರೆ" ಎಂದರು. ಮೇಡಂ ಬಾಯಿ ತೆರೆದರು. ಹೇಳಬೇಕಾದ ಸುಳ್ಳು ನಾಲಿಗೆ ತುದಿಯಲ್ಲೇ ಇತ್ತು. ಆದರೆ ಎದುರಿಗೆ ಮಕ್ಕಳಿದ್ದರು. ಉತ್ತರ ನಕಲು ಮಾಡಿದವರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದವರು ತಾವು.

"ಏನೂ ಹೊಳೆದಿರಲಿಲ್ಲ" ಎಂದರು. "ನನಗೆ ಉಲ್ಟಾ ಕಾಣ್ತು, ನಿಮಗೂ ಹಾಗೇ ಕಾಣುತ್ತೆ ಅಂದ್ಕೊಂಡೆ. ಸರಿ ಮಾಡೋಕೆ ಹೋಗಿ ಕೆಡಿಸಿದೆ. ಬೆಳಕಿನ ಪಾಠ ಮಾಡೋಳಿಗೆ ಅಷ್ಟೂ ಗೊತ್ತಿರಲಿಲ್ಲ. ತಪ್ಪಾಯ್ತು."

ಹೆಡ್‌ಮಾಸ್ಟರ ಮುಖ ನೋಡುವ ಧೈರ್ಯವಾಗದೆ ಮೇಡಂ ತಡಕಾಡಿ ಮಕ್ಕಳ ಮೈಕುಗಳನ್ನೆಲ್ಲ ತೆರೆದರು. ನಗುವುದಿದ್ದರೆ ನಕ್ಕುಬಿಡಲಿ ಎಂದು. ಯಾರೂ ನಗಲಿಲ್ಲ. ಎಲ್ಲೋ ಒಂದು ಕುಕ್ಕರ್ ಸೀಟಿ ಹೊಡೆಯಿತು. ಆಮೇಲೆ ಒಂದು ಹುಡುಗಿಯ ಸಣ್ಣ ದನಿ ಕೇಳಿತು.

"ಮೇಡಂ, ನಮಗೆ ಗೊತ್ತಿತ್ತು. ಮೊದಲನೇ ದಿನಾನೇ ಕೈ ಎತ್ತಿದ್ವಿ. ನೀವು ಟಾಟಾ ಮಾಡಿದ್ರಿ."

"ಮತ್ತೆ ಆಮೇಲಾದ್ರೂ ಫೋನ್ ಮಾಡಿ ಹೇಳ್ಬಾರದಿತ್ತಾ ಕಣಮ್ಮ?"

ಹುಡುಗಿ ತಡೆದು ತಡೆದು ಹೇಳಿದಳು: "ಹೇಳಿದ್ರೆ ನೀವು ಸರಿ ಮಾಡ್ಕೊಂಡ್ಬಿಡ್ತಿದ್ರಿ ಮೇಡಂ. ಆಮೇಲೆ ನಾವು ಮತ್ತೆ ಬರ್ಕೋಬೇಕಾಗಿತ್ತು."

ಮೇಡಂಗೆ ಅಳು ಬಂತು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಂತೆ ಮಾಡಿದರು. ಮೂವತ್ತೆರಡು ವರ್ಷದ ಸರ್ವಿಸಿಗೆ ಇಷ್ಟು ಖಚಿತವಾದ ಸರ್ಟಿಫಿಕೇಟ್ ಬೇರೆ ಯಾರೂ ಕೊಟ್ಟಿರಲಿಲ್ಲ. ಮೇಲ್ಸಾಲಿನ ಮುಖಗಳು ಒಂದೊಂದಾಗಿ ಮಾಯವಾದವು. ಕೊನೆಗೆ ಹೆಡ್‌ಮಾಸ್ಟರೂ ಇಲ್ಲವಾದರು. ಮೇಡಂ ಚೌಕಗಳನ್ನು ಎಣಿಸಿದರು. ನಲವತ್ತೊಂದು.

"ಮೇಡಂ, ಒಂದು ಡೌಟು" ಎಂದಿತು ಇನ್ನೊಂದು ದನಿ. "ಕನ್ನಡಿ ಎಡ ಬಲ ಅದಲುಬದಲು ಮಾಡುತ್ತೆ ಅಂದ್ರಲ್ಲ. ಮೇಲೆ ಕೆಳಗೆ ಯಾಕೆ ಮಾಡಲ್ಲ?"

ಎಡ ಬಲದ ಆ ವಾಕ್ಯವನ್ನು ಮೂವತ್ತೆರಡು ವರ್ಷ ಬರೆಸಿದ್ದರು. ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. ತಮಗೂ ಹೊಳೆದಿರಲಿಲ್ಲ.

"ಗೊತ್ತಿಲ್ಲ" ಎಂದರು ಮೇಡಂ. ಹೇಳಿದ ಮೇಲೆ ಎಷ್ಟು ಹಗುರವಾಯಿತು!

"ಅಡ್ಡ ಮಲಗಿ ನೋಡಿದ್ರೆ?" ಎಂದಿತು ಒಂದು ದನಿ. ಕಪ್ಪು ಚೌಕಗಳು ಪಟಪಟನೆ ಬೆಳಗಿದವು. ಬಚ್ಚಲುಮನೆ, ಹಜಾರ, ಮೆಟ್ಟಿಲು, ಹೊಲಿಗೆ ಮಿಷನ್ನಿನ ಪಕ್ಕ, ಎಲ್ಲೆಲ್ಲೂ ಕನ್ನಡಿ. ಅದರ ಮುಂದೆ ಮಕ್ಕಳು ಅಡ್ಡ ಮಲಗಿ, ಬಲಗೈ ಎಡಗೈ ಆಡಿಸುತ್ತ, "ಈಗ ತಲೆ ಯಾವ ಕಡೆ? ಈಗ ಮೇಲೆ ಅಂದ್ರೆ ಯಾವುದು?" ಎಂದು ಕಿರುಚಾಡುತ್ತಿದ್ದರು. ಅವರ ಮುಖಗಳನ್ನು ಮೇಡಂ ಈ ರಜೆಯಲ್ಲಿ ನೋಡಿದ್ದು ಅದೇ ಮೊದಲು. ಮೈಕು ಬಂದ್ ಮಾಡಬೇಕೆಂದು ಅವರಿಗೆ ಅನ್ನಿಸಲೇ ಇಲ್ಲ. ಮಂಡಿ ನೋವನ್ನು ಬೈದುಕೊಳ್ಳುತ್ತ, ಬೀರುವಿನ ಮುಂದೆ ನೆಲದ ಮೇಲೆ ಮೆಲ್ಲಗೆ ಅಡ್ಡ ಮಲಗಿದರು.

"ಮೇಡಂ ಕಾಣ್ತಿಲ್ಲ! ಮೇಡಂ, ಎಲ್ಲಿ ಹೋದ್ರಿ?"

"ಎಲ್ಲೂ ಹೋಗಿಲ್ಲ ಕಣ್ರೋ, ಕೆಳಗಿದೀನಿ."