ಹೂದಾನಿ ಎಂದು ಕೊಟ್ಟ ಫ್ರೆಂಚ್ ಕಾಡತೂಸು

ರಝಾಕ್ ಭಾಯ್, ಊರಿಗೆ ಒಯ್ಯಲು ನಾನು ನಿಮ್ಮ ಕೈಗಿಟ್ಟದ್ದು ಹೂದಾನಿಯಲ್ಲ, ವಿಮಾನ ಹೊಡೆಯುವ ತೋಪಿನ ಖಾಲಿ ಕಾಡತೂಸು — ಮತ್ತು ಅದು ನನಗೆ ಗೊತ್ತಿತ್ತು. ಅಂಗಡಿಯವನು ನನಗೆ ಮೋಸ ಮಾಡಲಿಲ್ಲ. ನಾನು ನಿಮಗೆ ಮಾಡಿದೆ. ನಿಮ್ಮ ಮಗಳು ಸಫಿಯಾಳ ನಿಖಾ ನಿಮಗೆ ತಪ್ಪಿದ್ದು ನನ್ನಿಂದ.

ಬರೆದುಬಿಟ್ಟೆ. ಬರೆದ ಮೇಲೂ ಹಗುರವೇನೂ ಆಗಲಿಲ್ಲ.

ನನ್ನ ಹುಚ್ಚಿನ ಬಗ್ಗೆ ನಿಮಗೆ ಅಷ್ಟಾಗಿ ಗೊತ್ತಿರಲಿಲ್ಲ. ಈ ಕೊಲ್ಲಿ ದೇಶದ ಹಮದ್ ಬಂದರಿನ ಯಾರ್ಡಿನಲ್ಲಿ ನಾನು ಸೂಪರ್‌ವೈಸರ್, ನೀವು ಸ್ಟೋರ್‌ಕೀಪರ್. ಹೋಗುವುದು ಒಂದೇ ಬಸ್ಸಿನಲ್ಲಿ, ಉಣ್ಣುವುದು ಒಂದೇ ಮೇಜಿನಲ್ಲಿ. ಗದಗಿನ ನನಗೂ ಉಳ್ಳಾಲದ ನಿಮಗೂ ಕನ್ನಡವೇ ನಂಟು. ಆದರೆ ಶುಕ್ರವಾರ ಸಂಜೆ ನೀವು ಮನೆಗೆ ವಿಡಿಯೋ ಕಾಲ್ ಮಾಡಿ ಕೂತಾಗ ನಾನು ಸೂಕ್ ವಾಕಿಫ್ ಪೇಟೆಯ ಹಳೆ ಸಾಮಾನಿನ ಅಂಗಡಿಗಳಲ್ಲಿ ಕಾಫಿ ಹೂಜಿಗಳ ಹಿಂದೆ ಕೈಹಾಕಿ ತಡಕಾಡುತ್ತಿದ್ದೆ. ಹಳೆಯ ಯುದ್ಧಗಳ ಖಾಲಿ ಕಾಡತೂಸುಗಳು ನನಗೆ ಬೇಕಿದ್ದವು. ಅದರಲ್ಲೂ ಫ್ರೆಂಚರದು.

ಅವತ್ತು ಸಿಕ್ಕಿದ್ದು ಇಪ್ಪತ್ತೈದು ಮಿಲಿಮೀಟರಿನದು. ಅಂಗಡಿಯವನು ಅದರಲ್ಲಿ ಪೆನ್ನುಗಳನ್ನು ಸಿಕ್ಕಿಸಿಟ್ಟಿದ್ದ. ತಿರುವಿ ನೋಡಿದೆ. ಬುಡದಲ್ಲಿ ಹೊರಚಾಚಿದ ಅಂಚಿದ್ದರೆ ಅದು ಟ್ಯಾಂಕ್ ಹೊಡೆಯುವ ತೋಪಿನದು, ಉದ್ದವೂ ಹೆಚ್ಚು. ಇದಕ್ಕೆ ಅಂಚಿರಲಿಲ್ಲ, ಮೋಟಾಗಿತ್ತು, ಅಂದರೆ ವಿಮಾನ ಹೊಡೆಯುವ ತೋಪಿನದು. ಜಪಾನಿನವರೂ ಇದೇ ಅಳತೆಯದನ್ನು ರಾಶಿ ರಾಶಿ ಮಾಡಿದ್ದರಿಂದ ಬಹಳ ಮಂದಿ ಅದನ್ನೇ ಫ್ರೆಂಚರದೆಂದು ನಂಬಿ ಕೊಂಡು ಮೋಸಹೋಗುತ್ತಾರೆ. ಬುಡದ ಮುದ್ರೆ ಓದಿದರಷ್ಟೇ ನಿಜ ತಿಳಿಯುವುದು. ಹೆಬ್ಬೆರಳಿನಿಂದ ಧೂಳು ಉಜ್ಜಿದಾಗ ಫ್ರೆಂಚ್ ಕಾರ್ಖಾನೆಯ ಮುದ್ರೆ ಕಂಡಿತು. ನನ್ನ ಎದೆ ಹೊಡೆದುಕೊಂಡದ್ದು ಅಂಗಡಿಯವನಿಗೆ ಕೇಳಿಸೀತೆಂದು ಹೆದರಿದ್ದೆ!

ಇಷ್ಟನ್ನೂ ವಿವರವಾಗಿ ಹೇಳುತ್ತಿರುವುದು ಜಂಭಕ್ಕಲ್ಲ. ಗೊತ್ತಿಲ್ಲದೆ ಆಯಿತು ಎಂದು ಹೇಳಲು ನನಗೆ ಬಾಯಿಲ್ಲ ಎಂದು ತಿಳಿಸಲಿಕ್ಕೆ.

ಖಾಲಿಯಾದರೂ ಅದನ್ನು ವಿಮಾನದಲ್ಲಿ ಒಯ್ಯಬಾರದೆಂದೂ ಗೊತ್ತಿತ್ತು. ಆ ಬಳಿಕ ನಾನೇ ರಜೆಗೆ ಊರಿಗೆ ಹೋದೆನಲ್ಲ — ಪೆಟ್ಟಿಗೆಯಲ್ಲಿ ಇಟ್ಟೆ, ತೆಗೆದೆ, ಮತ್ತೆ ಇಟ್ಟೆ. ಕೊನೆಗೆ ರೂಮಿನಲ್ಲೇ ಬಿಟ್ಟು ಹೋದೆ. ನನ್ನ ಪೆಟ್ಟಿಗೆಗೆ ಹೆದರಿದವನು ನಿಮ್ಮ ಪೆಟ್ಟಿಗೆಗೆ ಹೆದರಲಿಲ್ಲ. ಮಗಳ ಮದುವೆಗೆ ಹೊರಟ ಅಪ್ಪನ ಸಾಮಾನನ್ನು ಯಾರು ಕೆದಕುತ್ತಾರೆ ಎಂದುಕೊಂಡೆ. ಹೌದು, ಹಾಗೆಯೇ ಅಂದುಕೊಂಡೆ. ನಿಮ್ಮ ಸಂಭ್ರಮದ ಮರೆಯಲ್ಲಿ ನನ್ನ ಆಸೆಯನ್ನು ಸಾಗಿಸಹೊರಟೆ.

ಇಲ್ಲಿ ಯಾರೂ ತಮ್ಮ ಸಾಮಾನಷ್ಟನ್ನೇ ಕಟ್ಟಿಕೊಂಡು ಊರಿಗೆ ಹೋಗುವುದಿಲ್ಲ. ಒಬ್ಬ ಹೊರಟನೆಂದರೆ ಹತ್ತು ಮನೆಯ ಪೊಟ್ಟಣಗಳು ಅವನ ಕೋಣೆಗೆ ಬರುತ್ತವೆ. ಕೊಟ್ಟವರೆದುರು ಪೊಟ್ಟಣ ಬಿಚ್ಚಿಸಿ ನೋಡುವುದು ಅನುಮಾನಪಟ್ಟಂತೆ ಎಂದು ನಿಮ್ಮಂಥವರು ಬಿಚ್ಚಿಸುವುದಿಲ್ಲ. ನಾನು ಕಾಡತೂಸಿನ ಬಾಯಿಗೆ ಎರಡು ಪ್ಲಾಸ್ಟಿಕ್ ಹೂ ಸಿಕ್ಕಿಸಿ, ಟವೆಲಿನಲ್ಲಿ ಸುತ್ತಿ, ಮೇಲೆ ಖರ್ಜೂರದ ಡಬ್ಬ ಇಟ್ಟು ತಂದಿದ್ದೆ. ಮಂಗಳೂರಿನಲ್ಲಿ ಬ್ಯಾಂಕಿನಲ್ಲಿರುವ ನನ್ನ ತಮ್ಮ ಬಂದು ಪಡೆಯುತ್ತಾನೆ ಎಂದೆ.

"ಎಂತ ಉಂಟು ಬಸಣ್ಣ ಇದರಲ್ಲಿ? ಭಾರ ಉಂಟಲ್ಲ."

"ಹಿತ್ತಾಳಿ ಹೂದಾನಿ ರೀ. ಮನ್ಯಾಗ ಇಡಾಕ. ಬೇಕಾದ್ರ ಬಿಚ್ಚಿ ನೋಡ್ರಿ."

"ಛೆ, ಎಂತ ನೋಡುವುದು? ನೀವು ಹೇಳಿದ ಮೇಲೆ ಆಯ್ತಲ್ಲ ಮಾರಾಯ್ರೆ."

ಬಿಚ್ಚಿ ನೋಡ್ರಿ ಅಂದದ್ದೇ ಎಲ್ಲಕ್ಕಿಂತ ನೀಚತನ. ನೀವು ನೋಡುವುದಿಲ್ಲ ಎಂಬ ಧೈರ್ಯದ ಮೇಲೆ ಆಡಿದ ಮಾತದು.

ಇಲ್ಲಿಯ ವಿಮಾನ ನಿಲ್ದಾಣದಿಂದಲೇ ನೀವು ಫೋನ್ ಮಾಡಿದಾಗ ಮಧ್ಯಾಹ್ನ. "ಬಸಣ್ಣ, ಆ ಹೂದಾನಿಯ ವಿಷಯ ಪೊಲೀಸರು ಕೇಳ್ತಾ ಇದ್ದಾರೆ. ನಿಮ್ಮ ಹೆಸರು ಹೇಳ್ಲಿಲ್ಲ ಇನ್ನೂ. ಒಮ್ಮೆ ಬಂದು ಎಲ್ಲಿಂದ ತಂದದ್ದು ಅಂತ ಹೇಳಿದರೆ ಖಲಾಸ್. ನಾಳೆ ಬೆಳಿಗ್ಗೆ ನಿಖಾ, ನಿಮಗೆ ಗೊತ್ತುಂಟಲ್ಲ."

"ಬಂದೆ ರೀ, ಈಗ ಬಂದೆ" ಎಂದೆ.

ಕಾರು ಹತ್ತಿದೆ. ಹೋಗಬೇಕೆಂದೇ ಹತ್ತಿದೆ ಎಂದು ಹೇಳಿಕೊಳ್ಳಲು ಆಸೆ — ಆದರೆ ಖಚಿತವಿಲ್ಲ. ನಿಲ್ದಾಣದ ಕಡೆಯ ತಿರುವು ಬಂದಾಗ ಕೆಲಸ ಹೋಗುತ್ತದೆ, ವೀಸಾ ಹೋಗುತ್ತದೆ, ಜೈಲು... ಎಂದೆಲ್ಲ ಕಣ್ಣಮುಂದೆ ಬಂತು. ತಿರುಗಿಸಲಿಲ್ಲ. ಫೋನ್ ಆಫ್ ಮಾಡಿ ನೇರ ಉತ್ತರಕ್ಕೆ, ಅಲ್ ಶಮಾಲ್‌ವರೆಗೆ ಹೋದೆ. ಅಲ್ಲಿ ರಸ್ತೆ ಮುಗಿದು ಸಮುದ್ರ ಬಂತು. ಕಾರಿನಲ್ಲೇ ಎಸಿ ಹಾಕಿಕೊಂಡು ಕೂತೆ. ಕೂತಾಗ ಮೊದಲು ಬಂದ ಯೋಚನೆ ಯಾವುದು ಗೊತ್ತೇ? ಅಷ್ಟು ಅಪರೂಪದ್ದು ಕೈಬಿಟ್ಟು ಹೋಯಿತಲ್ಲ ಎಂದು. ನೀವಲ್ಲ ರಝಾಕ್ ಭಾಯ್, ಆ ಹಿತ್ತಾಳೆ ನೆನಪಾಗಿ ಹೊಟ್ಟೆ ಉರಿಯಿತು.

ಅದು ಖಾಲಿ, ಅಪಾಯವಿಲ್ಲ ಎಂದು ಖಾತ್ರಿಯಾದ ಮೇಲೆ ಮರುದಿನ ಸಂಜೆ ನಿಮ್ಮನ್ನು ಬಿಟ್ಟರು. ಅಷ್ಟರಲ್ಲಿ ನಿಖಾ ಮುಗಿದಿತ್ತು. ಅಳಿಯನ ಕೈ ಹಿಡಿದು ಮಗಳನ್ನು ಒಪ್ಪಿಸಬೇಕಾದವರು ನೀವು, ಹಿಡಿದದ್ದು ನಿಮ್ಮ ತಮ್ಮ. ನೀವು ಊರಿಗೆ ಹೋಗದೆ ನೇರ ನನ್ನ ರೂಮಿಗೆ ಬಂದಿರಿ — ನನಗೇನಾದರೂ ಆಯಿತೋ ಎಂದು ವಿಚಾರಿಸಲು! "ಆ ಅಂಗಡಿಯವ ನಿಮಗೂ ಮೋಸ ಮಾಡಿದ ಅಲ್ವಾ? ನಾನೇ ಕೊಂಡದ್ದು ಅಂತ ಹೇಳಿ ಮುಗಿಸಿದೆ. ನಿಮ್ಮನ್ನು ಯಾಕೆ ಎಳೆಯುವುದು?"

ನಾನು ತಲೆಯಾಡಿಸಿದೆ. ಫೋನ್ ಕೆಟ್ಟಿತ್ತು ಎಂದೆ. ನಿಮಗೆ ಚಹಾ ಮಾಡಿಕೊಟ್ಟೆ.

ಅಂದು ನನ್ನನ್ನು ಉಳಿಸಲು ಆಡಿದ ಮಾತನ್ನು ನೀವು ಮನೆಯಲ್ಲೂ ಉಳಿಸಿಕೊಂಡಿರಿ. ಊರಲ್ಲಿ ರಝಾಕ್ ಗುಂಡು ಒಯ್ಯುತ್ತಿದ್ದನಂತೆ ಎಂದು ಆಡಿಕೊಂಡರು, ಬೀಗರು ಮುಖ ಸಿಂಡರಿಸಿದರು. ಅದನ್ನೂ ನುಂಗಿದಿರಿ. ಆದರೆ ಸಫಿಯಾ — ಹಿತ್ತಾಳೆಯ ಒಂದು ಕೊಳವೆಯ ಆಸೆಗೆ ಅಪ್ಪ ನನ್ನ ನಿಖಾ ಕಳೆದುಕೊಂಡರು ಎಂದು ಅವಳು ಇವತ್ತಿಗೂ ನಂಬಿದ್ದಾಳೆ. ಈಗ ನಿಮ್ಮ ಶುಕ್ರವಾರದ ಕಾಲ್‌ಗೆ ಅವಳು ಬರುವುದಿಲ್ಲ, ಮೊಮ್ಮಗನನ್ನು ನಿಮ್ಮ ಹೆಂಡತಿಯೇ ಎತ್ತಿ ತೋರಿಸುತ್ತಾರೆ. "ಅವಳಿಗೆ ಪುರುಸೊತ್ತಿಲ್ಲ" ಎಂದು ನೀವು ನನಗೆ ಹೇಳುವಾಗೆಲ್ಲ ನಾನು ಹೂಂಗುಟ್ಟಿದ್ದೇನೆ.

ಮೊನ್ನೆ ನೀವು ಕೆಲಸ ಬಿಟ್ಟು ಊರಿಗೇ ಹೋಗುವ ಸುದ್ದಿ ಹೇಳಿದಿರಿ. ಹೇಳಿ ಕೇಳಿದಿರಿ: "ಎಂತಾದರೂ ಕಳಿಸಲಿಕ್ಕೆ ಉಂಟಾ ಬಸಣ್ಣ? ಜಾಗ ಉಂಟು."

ಅವತ್ತಿನಿಂದ ಸರಿಯಾಗಿ ಊಟ ಸೇರುತ್ತಿಲ್ಲ.

ಈ ಶುಕ್ರವಾರ ನೀವು ಬಂದಾಗ ಇದನ್ನು ನಿಮ್ಮೆದುರೇ ಓದುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ, ಕೇಳಿದರೆ ನೀವು ಕ್ಷಮಿಸಿಬಿಡುತ್ತೀರಿ. ಓದಿ ಮುಗಿಸಿ ಸಫಿಯಾಗೆ ನಾನೇ ಫೋನ್ ಮಾಡುತ್ತೇನೆ. ನೀವು ಬೇಡವೆನ್ನುತ್ತೀರಿ, ಗೊತ್ತು. ಆದರೂ ಮಾಡುತ್ತೇನೆ. ಅವಳು ಎಷ್ಟು ಬೈದರೂ ಬೈಯಲಿ. ಎಲ್ಲ ಕೇಳಿದ ಮೇಲೆ ಅವಳು ಅಪ್ಪನಿಗೆ ಕೊಡಿ ಅಂದರೆ, ಫೋನ್ ನಿಮ್ಮ ಕೈಗಿಟ್ಟು ನಾನು ಹೊರಗೆ ಹೋಗಿ ನಿಲ್ಲುತ್ತೇನೆ.