ಹೊಳೆಯ ಆಮೆ ಮತ್ತು ನನ್ನ ಸುಳ್ಳು

ಇದನ್ನು ಹೇಳಲು ನಲವತ್ತು ವರ್ಷ ತಡಮಾಡಿದ್ದೇನೆ. ಎಂಬತ್ತರ ದಶಕದ ಒಂದು ಬೆಳಿಗ್ಗೆ, ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯ ಹೊಳೆದಂಡೆಯಲ್ಲಿ ಹೊರರಾಜ್ಯದ ಮೂವರು ತಜ್ಞರು ಒಬ್ಬ ಹಿರಿಯ ಮೀನುಗಾರನ ಎದುರು ಕೂತಿದ್ದರು. ತುಂಗಭದ್ರೆಯ ಯಾವ ಆಮೆ ಅಳಿವಿನಂಚಿನಲ್ಲಿದೆ ಎಂಬುದನ್ನು ಅವರು ಕೂಡಿ ತೀರ್ಮಾನಿಸಬೇಕಿತ್ತು. ತಜ್ಞರ ಹಿಂದಿಗೂ ಆತನ ಕನ್ನಡಕ್ಕೂ ನಾನೇ ದುಭಾಷಿ. ಮೆಟ್ರಿಕ್ ಪಾಸಾದವನೆಂಬ ಜಂಬ ಬೇರೆ.

ಮೆತ್ತನೆ ಚಿಪ್ಪಿನ ದೊಡ್ಡ ಆಮೆಗಳು ಈಗ ಎಷ್ಟಿವೆ ಎಂದು ಅವರ ಪರವಾಗಿ ಕೇಳಿದೆ.

“ಆರು ವರ್ಷ ಆತು, ಉಸುಕಿನ್ಯಾಗ ಒಂದು ತತ್ತಿನೂ ಕಂಡಿಲ್ಲ. ಹಂಗ ಹೇಳು ಅವರಿಗೆ,” ಎಂದ.

ನಮ್ಮ ಹೊಳೆ ಬರಿದಾಗಿದೆ ಎಂದು ಹೊರಗಿನವರ ಮುಂದೆ ಒಪ್ಪಿಕೊಳ್ಳಲು ನನಗೆ ಅವಮಾನವಾಯಿತು. ಬೇಕಾದಷ್ಟು ಇವೆಯಂತೆ ಎಂದು ಹಿಂದಿಯಲ್ಲಿ ಹೇಳಿಬಿಟ್ಟೆ.

ಆತ ನನ್ನತ್ತ ತಿರುಗಿದ. “ತಮ್ಮಾ, ನಾ ನಿಜಾಮನ ಕಾಲದಾಗ ಸಾಲಿ ಕಲ್ತಾಂವ. ನಿನಗಿಂತ ಚಂದ ಉರ್ದು ಬರ್ತದ ನನಗ.”

ಅಷ್ಟು ಹೇಳಿ, ಆತನೇ ಉರ್ದುವಿನಲ್ಲಿ ತಜ್ಞರಿಗೆ ನಿಜ ಹೇಳಲು ಶುರುಮಾಡಿದ. ಸಿಕ್ಕಿಬೀಳುವ ಭಯಕ್ಕೆ ನಾನು ನಡುವೆ ಬಾಯಿ ಹಾಕಿ, ಈತ ಕುಡಿದಿದ್ದಾನೆ ಎಂದೆ. ಒಬ್ಬ ತಜ್ಞರು ಕೊಂಚ ಅನುಮಾನಿಸಿದರು. ಕೊನೆಗೆ ಮೂವರೂ ನನ್ನ ಮಾತನ್ನೇ ಬರೆದುಕೊಂಡರು. ಆತ ಎದ್ದು ಹರಿಗೋಲಿನತ್ತ ನಡೆದ.

ಆತ ಜನ್ಮದಲ್ಲಿ ಹೆಂಡ ಮುಟ್ಟಿದವನಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಅಲ್ಲಿದ್ದವರಲ್ಲಿ ಆ ಹೊಳೆಯನ್ನು ಎಲ್ಲರಿಗಿಂತ ಬಲ್ಲವನು ಆತನೇ. ಆತನ ಮಾತನ್ನು ಕಾಗದಕ್ಕೆ ಸೇರದಂತೆ ಮಾಡಿದವನು ನಾನು. ಆತ ಬದುಕಿರುವವರೆಗೂ ಹೋಗಿ ತಪ್ಪಾಯಿತು ಎನ್ನಲಿಲ್ಲ. ಆತನ ಹೆಸರು ಅಂಬಿಗರ ಹುಲಿಗೆಪ್ಪ.