ದೀಪಸ್ತಂಭಕ್ಕೆ ಒಯ್ದ ಎಣ್ಣೆ

ನಮ್ಮ ಅತ್ತೆ ಊಟದಲ್ಲಿ ಎಣ್ಣೆ ಮುಟ್ಟುವುದನ್ನು ಬಿಟ್ಟ ಸುದ್ದಿ ದಾವಣಗೆರೆಯ ನಮ್ಮ ಓಣಿಯಲ್ಲೆಲ್ಲ ಹಬ್ಬಲು ಒಂದು ದಿನ ಸಾಕಾಯಿತು. ಎಣ್ಣೆ ಗಿರಣಿಯವರ ಮನೆ ನಮ್ಮದು. ಗೋಡೆಗೆ ಕೈಯಿಟ್ಟರೂ ಶೇಂಗಾ ಎಣ್ಣೆಯ ಜಿಡ್ಡು ಹತ್ತುತ್ತಿತ್ತು. ಅಂಥ ಮನೆಯ ಯಜಮಾನಿ ಒಗ್ಗರಣೆಯಿಲ್ಲದ ಸಪ್ಪೆ ಬೇಳೆಯಲ್ಲಿ ರೊಟ್ಟಿ ಅದ್ದಿಕೊಂಡು ಉಣ್ಣುವುದೆಂದರೆ! ಸೊಸೆ ಬಂದಮೇಲೆ ಹೀಗಾಯಿತು ಎಂದು ಆಡಿಕೊಂಡವರೂ ಇದ್ದರು. ನನಗೆ ಮೈಯೆಲ್ಲ ಉರಿಯಿತು, ಆದರೆ ಬಾಯಿ ತೆರೆಯುವ ಹಾಗಿರಲಿಲ್ಲ. ತಪ್ಪು ನನ್ನದೇ ಆಗಿತ್ತು.

ಅದು ಅರವತ್ತರ ದಶಕದ ಆರಂಭ. ನಾನು ಮಲೆಬೆನ್ನೂರಿನಿಂದ ಮದುವೆಯಾಗಿ ಬಂದು ವರ್ಷವಾಗಿತ್ತು. ಅದಕ್ಕೂ ಮೊದಲೇ ನನ್ನ ಮೈದುನ ಗಿರಣಿ ಕೆಲಸ ಒಲ್ಲೆನೆಂದು ಜಗಳವಾಡಿ ಮುಂಬಯಿಗೆ ಹೋಗಿ ಹಡಗು ಸೇರಿದ್ದ. ಅತ್ತೆ ಆ ಮಗನ ಹೆಸರೆತ್ತುತ್ತಿರಲಿಲ್ಲ, ಆದರೆ ಟಪಾಲಿನವನ ಸೈಕಲ್ ಬೆಲ್ ಕೇಳಿದರೆ ಮಾಡುತ್ತಿದ್ದ ಕೆಲಸ ಅರ್ಧಕ್ಕೇ ನಿಲ್ಲುತ್ತಿತ್ತು. ಕೊನೆಗೊಂದು ದಿನ ಕಾಗದ ಬಂತು. ಅವರಿಗೆ ಓದು ಬರದು, ಏಳನೆಯ ಇಯತ್ತೆ ಮುಗಿಸಿದ್ದ ನಾನೇ ಓದಬೇಕು. ಒಟ್ಟು ನಾಲ್ಕು ಸಾಲು. ಕ್ಷೇಮ, ಊಟ ಪರವಾಗಿಲ್ಲ, ಎಂಜಿನ್ ಕೋಣೆಯಲ್ಲಿ ಸೆಕೆ ಹೆಚ್ಚು, ಬರುವಾಗ ನಮ್ಮ ಸೀಮೆಯ ಕಡಲ ದಂಡೆಯಲ್ಲಿ ಕಾಪು ಎಂಬ ಊರಿನ ದೀಪಸ್ತಂಭ ಕಂಡಿತು. ಅಷ್ಟೇ. ಇಷ್ಟು ದಿನ ಕಾದ ತಾಯಿಗೆ ಇಷ್ಟೇನಾ ಎಂದು ನನಗೇ ಸಿಟ್ಟು ಬಂದು, ನನ್ನದೊಂದು ಸಾಲು ಸೇರಿಸಿ ಓದಿಬಿಟ್ಟೆ: "ಅವ್ವಾ, ಆ ದೀಪ ಕಂಡಾಗ ನೀನು ಜಗಲಿ ಮುಂದೆ ದೀಪ ಹಚ್ಚೋದು ನೆನಪಾಗಿ ಕಣ್ಣು ತುಂಬಿ ಬಂತು."

ಅತ್ತೆ ಎದ್ದು ಹೋಗಿ ದೇವರ ಮುಂದೆ ನಿಂತು ಗಟ್ಟಿಯಾಗಿ ಹೇಳಿದರು: "ನನ್ನ ಮಗನಿಗೆ ದಾರಿ ತೋರಿಸಿದ ದೀಪಕ್ಕೆ ನನ್ನ ಕೈಯಾರೆ ಎಣ್ಣಿ ಹಾಕೋತನಕ ನಾನು ಎಣ್ಣಿ ಮುಟ್ಟಂಗಿಲ್ಲ."

ಗುಡಿಯ ನಂದಾದೀಪಕ್ಕೆ ಎಣ್ಣೆ ಕೊಡುವುದು ಗೊತ್ತಿದ್ದ ಜನ ನಾವು. ಸಮುದ್ರದ ದೀಪವೂ ಹಾಗೇ ಇರುತ್ತದೆಂದು ನಾನೂ ನಂಬಿದ್ದೆ. ಮಾವನವರು ಮಾತ್ರ, "ಸಮುದ್ರಕ್ಕ ಎಣ್ಣಿ ಸುರಿಯಾಕ ಹೊಂಟಾರ" ಎಂದು ನಕ್ಕರು. ಆದರೂ ಗಿರಣಿಯ ಹಳೇ ಕಾರನ್ನು ಕೊಟ್ಟರು. ಓಡಿಸಲು ನಮ್ಮ ಯಜಮಾನರು, ಹಿಂದೆ ನಾವಿಬ್ಬರು, ನಮ್ಮ ನಡುವೆ ಹೊಸ ಡಬ್ಬಿಯಲ್ಲಿ ಆ ವಾರದ ಮೊದಲ ಗಾಣದ ಎಣ್ಣೆ.

ನನಗೋ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ. ಸಮುದ್ರ ನೋಡುವವಳು ನಾನು! ಹರಿಹರದಲ್ಲಿ ಹೊಳೆಗಿಳಿದು ಅತ್ತೆಯ ಲಿಂಗಪೂಜೆಗೆಂದು ಬಿಂದಿಗೆ ತುಂಬಿಕೊಂಡೆವು. ಮಲೆಬೆನ್ನೂರಿನಲ್ಲಿ ನನ್ನ ತವರಿನವರು ನೋಡಲೆಂದು ಕಾರಿನ ಹಾರ್ನ್ ಹೊಡೆಸಿದೆ. ಹೊನ್ನಾಳಿ, ಶಿವಮೊಗ್ಗ ದಾಟಿ ತೀರ್ಥಹಳ್ಳಿಯಲ್ಲಿ ರಾತ್ರಿ ತಂಗಿದ್ದಾಯಿತು. ಮರುದಿನ ಆಗುಂಬೆಯ ತಿರುವುಗಳಲ್ಲಿ ಅತ್ತೆ ಕಣ್ಣು ಮುಚ್ಚಿಕೊಂಡು ಡಬ್ಬಿಯನ್ನು ತಬ್ಬಿ ಕುಳಿತರು. ನಾನು ಪ್ರತಿ ತಿರುವಿನಲ್ಲೂ ಕಿಟಕಿಯಾಚೆ ತಲೆ ಹಾಕಿ ಯಜಮಾನರಿಂದ ಬೈಸಿಕೊಂಡೆ.

ಇಳಿಹೊತ್ತಿಗೆ ಕಾಪು ತಲುಪಿದೆವು. ತೆಂಗಿನ ಮರಗಳ ಸಂದಿನಲ್ಲಿ ಸಮುದ್ರ ಕಂಡಾಗ ನಾನು ಕಿರುಚಿಯೇಬಿಟ್ಟೆ. ನೀರಿಗೆ ಚಾಚಿದ ದೊಡ್ಡ ಬಂಡೆಯ ಮೇಲೆ, ಇಂಗ್ಲಿಷರ ಕಾಲದಲ್ಲಿ ಕಟ್ಟಿದ ದೀಪಸ್ತಂಭ ನೆಟ್ಟಗೆ ನಿಂತಿತ್ತು. ಅತ್ತೆ ಚಪ್ಪಲಿ ಬಿಟ್ಟು ಕೈಮುಗಿದರು. ಬಂಡೆ ಹತ್ತಿ, ಒಳಗಿನ ಸುತ್ತು ಮೆಟ್ಟಿಲು ಏರಿ, ಮೊಣಕಾಲು ಹಿಡಿದುಕೊಂಡು ನಿಂತು ನಿಂತು ಮೇಲೆ ಬಂದರು. ಡಬ್ಬಿಯನ್ನು ಮಾತ್ರ ನನ್ನ ಕೈಗೆ ಕೊಡಲಿಲ್ಲ.

ಮೇಲೆ ದೀಪ ನೋಡಿಕೊಳ್ಳುವವರು ಗಾಜು ಒರೆಸುತ್ತಿದ್ದರು. ಬಂದ ಕಾರಣ ಕೇಳಿ ಅವರು ಪೆಚ್ಚಾದರು. "ಇದು ಸೀಮೆಎಣ್ಣೆಯ ದೀಪ ಅಮ್ಮ, ಪಂಪು ಹೊಡೆದು ಉರಿಸುವುದು. ನಿಮ್ಮ ಎಣ್ಣೆ ಒಂದು ತೊಟ್ಟು ಬಿದ್ದರೂ ಕೆಟ್ಟು ಹೋಗ್ತದೆ ಮಾರಾಯ್ರೆ."

ಅತ್ತೆ ಡಬ್ಬಿ ಹಿಡಿದುಕೊಂಡು ನಿಂತೇ ಇದ್ದರು. "ಹಂಗಾದ್ರ ನಾನು ಇನ್ನ ಎಣ್ಣಿ ಮುಟ್ಟಂಗಿಲ್ಲ" ಎಂದು ಮೆಲ್ಲಗೆ ಹೇಳಿದರು, ಯಾರಿಗೂ ಅಲ್ಲ. ನನ್ನದೊಂದು ಸಾಲು ಈ ಜೀವವನ್ನು ಸಾಯುವ ತನಕ ಸಪ್ಪೆ ಉಣಿಸುವ ಹಾಗಾಯಿತಲ್ಲ! ನಾಚಿಕೆ ಬಿಟ್ಟು ಕೇಳಿದೆ: "ಈ ದೀಪಕ್ಕ ನಮ್ಮ ಕಡಿಯಿಂದ ಏನೂ ಬ್ಯಾಡೇನ್ರಿ? ಒಂದೀಟು ಏನಾರ?"

ಅವರು ಗಾಜು ಒರೆಸುವ ಬಟ್ಟೆಯನ್ನು ಪಕ್ಕಕ್ಕಿಟ್ಟು ಅತ್ತೆಯತ್ತ ತಿರುಗಿದರು. "ಸೇವೆ ಉಂಟು. ಕೈಯಲ್ಲಿ ಬಲ ಉಂಟಾ?"

ದೀಪದ ಸುತ್ತಲಿನ ಗಾಜು ತಿರುಗಬೇಕಾದರೆ ಕೆಳಗೊಂದು ಗಡಿಯಾರದಂಥ ಯಂತ್ರ, ಅದಕ್ಕೆ ಭಾರದ ಗುಂಡು. ಗುಂಡು ಕೆಳಗಿಳಿಯುತ್ತಾ ಗಾಜನ್ನು ತಿರುಗಿಸುತ್ತದೆ, ಇಳಿದ ಗುಂಡನ್ನು ಹಿಡಿಕೆ ತಿರುಗಿಸಿ ಮತ್ತೆ ಮೇಲೆತ್ತಬೇಕು. ಅವರು ಹಿಡಿಕೆ ತೋರಿಸಿದರು. ಅತ್ತೆ ಡಬ್ಬಿ ಕೆಳಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿದರು.

"ದಿನಾ ಬೀಸೋಕಲ್ಲು ತಿರುಗಿಸ್ತೀನಿ, ಇದೇನು ಮಹಾ!"

ತಿರುಗಿಸಿದರು ನೋಡಿ! ಆ ಮನುಷ್ಯ ಸಾಕು ಅಮ್ಮ ಎಂದರೂ ಬಿಡಲಿಲ್ಲ. ಹಣೆಯ ವಿಭೂತಿ ಬೆವರಿಗೆ ಇಳಿಯಿತು. ಹೊತ್ತು ಮುಳುಗುವಾಗ ದೀಪ ಹತ್ತಿತು, ಗಾಜು ಮೆಲ್ಲಗೆ ಅಲುಗಿತು, ಬೆಳಕಿನ ಕೋಲು ನೀರಿನ ಮೇಲೆ ಹೊರಟಿತು. ನಾನು ಕುಣಿಯುವುದೊಂದು ಬಾಕಿ. ಅತ್ತೆ ಕೈಮುಗಿದು, "ಎಣ್ಣಿ ಆಗ್ಲಿಲ್ಲ, ಕೈಯಾದ್ರೂ ಮುಟ್ಟಿತು" ಎಂದರು. ಅದು ಸಲ್ಲುತ್ತದೋ ಇಲ್ಲವೋ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. ಕೆಳಗಿಳಿದು ಬಂಡೆಯ ಮೇಲೆ ಕುಳಿತು ಅವರೇ ದಾರಿಗೆಂದು ಕಟ್ಟಿಕೊಂಡು ಬಂದಿದ್ದ ಮಂಡಕ್ಕಿಯ ಗಂಟು ಬಿಚ್ಚಿದರು. ಕಡಲ ಗಾಳಿಗೆ ಅದಾಗಲೇ ಮೆತ್ತಗಾಗಿತ್ತು. ಡಬ್ಬಿಯ ಮುಚ್ಚಳ ತೆಗೆದು ಎಣ್ಣೆ ಸುರಿದು, ಖಾರದ ಪುಡಿ ಕಲಸಿ, ಮೊದಲ ತುತ್ತು ತಾವೇ ಬಾಯಿಗಿಟ್ಟುಕೊಂಡರು. ನನಗೆ ಅಳುವೂ ನಗುವೂ ಒಟ್ಟಿಗೇ ಬಂತು. ಉಳಿದ ಎಣ್ಣೆ ದೀಪದವರ ಮನೆಗೆ ಹೋಯಿತು.

ಊರಿಗೆ ಬಂದಮೇಲೆ ನಡೆದದ್ದನ್ನೆಲ್ಲ ನಾನು ಮೈದುನನಿಗೆ ಬರೆದೆ. ಕೆಲವು ತಿಂಗಳಿಗೆ ಉತ್ತರ ಬಂತು. ಒಂದಕ್ಷರ ಹೆಚ್ಚಿಲ್ಲದೆ ಓದಿದೆ: "ಅವ್ವಾ, ಹೋದ ವಾರ ಆ ದೀಪ ಮತ್ತೆ ಕಂಡಿತು. ಎಂಜಿನ್ ಬಿಟ್ಟು ಮೇಲೆ ಬಂದು ನಿಂತಿದ್ದೆ. ಇದನ್ನ ನಮ್ಮವ್ವ ತಿರುಗಿಸ್ಯಾಳ ಅಂದೆ. ಯಾರೂ ನಂಬಲಿಲ್ಲ. ಮರೆಯಾಗೋತನಕ ನೋಡಿದೆ."

ಅತ್ತೆ ಹಸನು ಮಾಡುತ್ತಿದ್ದ ಬೇಳೆಯಿಂದ ಕಣ್ಣೆತ್ತಲಿಲ್ಲ. "ಇದರಾಗ ನಿಂದೆಷ್ಟು, ಅವಂದೆಷ್ಟು?"

"ಇದು ಪೂರಾ ನಿಮ್ಮ ಮಗಂದೇ ಅತ್ತೆ. ಹಿಂದಿನ ಕಾಗದದಾಗ ಕಣ್ಣು ತುಂಬಿದ್ದು ನಂದು."

ಮೊರವನ್ನು ಪಕ್ಕಕ್ಕಿಟ್ಟು ಅವರು ಗೋಡೆಗೊರಗಿದರು. ಬೈಗುಳಕ್ಕೆ ಕಾದು ನಾನು ತಲೆ ತಗ್ಗಿಸಿ ನಿಂತೆ.

"ಆ ಕಾಗದಾನೂ ತಗೊಂಡು ಬಾ" ಎಂದರು ಅತ್ತೆ. "ಕೂತ್ಕೊಂಡು ಎರಡೂ ಓದು. ನಿಂದೂ ಸೇರಿಸೇ ಓದು."